ಇಪ್ಪತ್ತಮೂರು ಹಸುರು ಚುಕ್ಕಿಗಳು

ನಮ್ಮ ಅಡುಗೆಮನೆಯ ಗೋಡೆಗೂಡಿನಲ್ಲಿ, ಉಪ್ಪಿನ ಭರಣಿಗೆ ಬೆನ್ನು ಕೊಟ್ಟುಕೊಂಡು, ಗಾಜು ಬಿರುಕು ಬಿಟ್ಟ ಹಳೆಯ ಮೊಬೈಲೊಂದು ಎರಡು ವರ್ಷಗಳಿಂದ ನಿಂತಿದೆ. ಅದಕ್ಕೆ ಸಿಮ್ ಇಲ್ಲ, ಮನೆಯ ವೈಫೈ ಮಾತ್ರ, ಯಾರ ಕರೆಯೂ ಬರುವುದಿಲ್ಲ, ಹಾಡು ಹೇಳೆಂದರೆ ಶೀತ ಹಿಡಿದವರ ಹಾಗೆ ಗೊರಗೊರ ಎನ್ನುತ್ತದೆ. ಆದರೂ ಸಾರಿಗೆ ಒಗ್ಗರಣೆ ಹಾಕುತ್ತ ಓರೆಗಣ್ಣಿನಿಂದ ನೋಡಿಕೊಳ್ಳುವಷ್ಟು ಕೆಲಸಕ್ಕೆ ಅದು ಧಾರಾಳ ಸಾಕು. ಅದರ ಪರದೆಯ ಮೇಲೆ ಇಪ್ಪತ್ತಮೂರು ಮನೆಗಳ ಹೆಸರುಗಳಿವೆ, ಪ್ರತಿ ಹೆಸರಿನ ಎದುರಿಗೆ ಸಾಸಿವೆಕಾಳಿಗಿಂತ ಚೂರು ದೊಡ್ಡದಾದ ಹಸುರು ಚುಕ್ಕಿಯಿದೆ. ಚುಕ್ಕಿ ಹಸುರಾಗಿದ್ದರೆ ಆ ಮನೆಯವರು ಹೇಳಿದ್ದು ಕೇಳುವ ಹಾಗೆ ಇದ್ದಾರೆಂದು ಅರ್ಥ, ಬೂದಿಬಣ್ಣವಾದರೆ ಇಲ್ಲವೆಂದು ಅರ್ಥ. ಈ ಅರ್ಥವನ್ನು ಕೊಟ್ಟವಳು ನಾನೇ. ಅದು ಸುಳ್ಳೆಂದು ಮೊದಲು ಗೊತ್ತಾದದ್ದೂ ನನಗೇ. ಗೊತ್ತಾದ ಮೇಲೆಯೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನು, ಮಿತ್ರರೇ, ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ಇಲ್ಲವಾದರೆ ನಡುನಡುವೆ ನಾನು ಮಾಡುವ ತಮಾಷೆಗೆ ನಕ್ಕು, ಕೊನೆಗೆ ನೀವು ನನ್ನನ್ನು ಶಪಿಸಬೇಕಾದೀತು.

ನನ್ನ ಮನೆ ಬೆಳ್ಳೂರಿನ ಕಡೆ, ಒಂದು ತೋಡಿನ, ಅಂದರೆ ಸಣ್ಣ ಹೊಳೆಯ, ದಂಡೆಯಲ್ಲಿ. ಬೋವಿಕಾನದ ಹತ್ತಿರದ ಶಾಲೆಯೊಂದರಲ್ಲಿ ಪ್ಲಸ್ ಟು ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳಿ ಬಸ್ಸಿನಲ್ಲಿ ತೂಕಡಿಸಿಕೊಂಡು ಮರಳುವವಳು. ನಮ್ಮ ತೋಡಿಗೆ ಅಡ್ಡಲಾಗಿ ಒಂದು ಕಟ್ಟ ಉಂಟು: ಹಿಂದೆ ಕಲ್ಲು ಮಣ್ಣಿನದ್ದು, ಈಗ ಸಿಮೆಂಟಿನ ಕಂಬಗಳ ನಡುವೆ ಹಲಗೆ ಇಳಿಸುವಂಥದ್ದು. ಮಳೆ ಹಿಂದೆಗೆದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುವುದು, ಪತ್ತನಾಜೆಯ ಹೊತ್ತಿಗೆ, ಮಳೆಗಾಲ ಹೊಸ್ತಿಲಿಗೆ ಬಂದಾಗ, ಹಲಗೆ ತೆಗೆದು ಒಳಗಿಡುವುದು. ಈ ಎರಡರ ನಡುವೆ ಮೂಡಣ ಗುಡ್ಡಗಳಲ್ಲಿ ಗುಡುಗು ಕೂಡಿ ಒಮ್ಮೆಲೇ ಸುರಿದರೆ ಕಟ್ಟದ ಮೇಲ್ಬದಿಯ ಗದ್ದೆಗೆ ನೀರು ನುಗ್ಗುತ್ತದೆ, ಆಗ ಹಲಗೆಗಳನ್ನು ಅವಸರದಲ್ಲಿ ಎತ್ತಬೇಕಾಗುತ್ತದೆ. ಎತ್ತಿದರೆ ನಿಂತ ನೀರೆಲ್ಲ ಒಟ್ಟಿಗೆ ಕೆಳಗೆ ಹೊರಡುತ್ತದೆ. ಕೆಳಗೆ, ಅಂಗಾಲು ನೆನೆಯುವಷ್ಟೇ ನೀರಿರುವ ತೋಡಿನಲ್ಲಿ, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಪಂಪಿನ ಕೊಳವೆ ಸರಿಮಾಡುವವರು ಇರುತ್ತಾರೆ.

ಅದಕ್ಕಾಗಿ ನಮ್ಮಲ್ಲಿ ಒಂದು ಕ್ರಮವಿತ್ತು. ಹಲಗೆ ಎತ್ತುವ ಮೊದಲು ಕಟ್ಟದ ಮೇಲೆ ನಿಂತವನು ಬಾಯಿಗೆ ಎರಡೂ ಅಂಗೈ ಹಿಡಿದು ಉದ್ದಕ್ಕೆ ಒಂದು ಕೂ ಹಾಕುವುದು. ಕೆಳಗಿನ ಮೊದಲ ಮನೆಯವರು ಅದನ್ನು ಕೇಳಿ, ತಮ್ಮವರು ಯಾರಾದರೂ ತೋಡಿನಲ್ಲಿದ್ದರೆ ಮೇಲೆ ಕರೆದು, ಆಮೇಲೆ ಕೂ ಹಾಕುವುದು. ಅದನ್ನು ಕೇಳಿ ಎರಡನೆಯ ಮನೆ, ಹೀಗೆ ತೋಡು ದಾಟುವ ಸಂಕದ ಹತ್ತಿರದ ಕೊನೆಯ ಮನೆಯವರೆಗೆ. ಕೊನೆಯ ಮನೆಯ ಉತ್ತರ ಅದೇ ದಾರಿಯಲ್ಲಿ ಮನೆಯಿಂದ ಮನೆಗೆ ಹಿಂದೆ ಬರಬೇಕು. ಬಂದರೆ ಮಾತ್ರ ಹಲಗೆಗೆ ಕೈ. ಕಾಲು ಗಂಟೆಯ ಕೆಲಸ. ನಾನು ಸಣ್ಣವಳಿದ್ದಾಗ ಆ ಕೂಗು ಮರಳುವುದನ್ನು ಕೇಳಲು ಅಂಗಳದಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಅದರಲ್ಲಿ ಯಾರ ಯಾರ ಗಂಟಲಿದೆಯೆಂದು ಗುರುತಿಸುವುದು ನಮಗೊಂದು ಆಟವಾಗಿತ್ತು.

ಹಲಗೆಯ ಉಸ್ತುವಾರಿ ಐತಪ್ಪಣ್ಣನದು. ಎಪ್ಪತ್ತು ದಾಟಿದ, ಬೀಡಿಯಿಂದ ಎದೆ ಹಿಡಿದ ಮನುಷ್ಯ. ಎರಡು ಕೂ ಹಾಕುವಷ್ಟರಲ್ಲಿ ಅವನಿಗೆ ಕೆಮ್ಮು ಸುತ್ತಿಕೊಳ್ಳುತ್ತಿತ್ತು. ನಡುವೆ ಎರಡು ಮನೆಗಳಿಗೆ ಬೀಗ ಬಿತ್ತು, ರಬ್ಬರಿನ ಯಂತ್ರದ ಸದ್ದು ಬಂತು, ಟಿವಿ ಬಂತು, ಕೂಗು ಅರ್ಧದಲ್ಲೇ ಕಾಣೆಯಾಗತೊಡಗಿತು. ಆಗ ಊರಿನವರು ನನ್ನ ಕಡೆ ನೋಡಿದರು. “ಟೀಚರಿಗೆ ಕಂಪ್ಯೂಟರ್ ಬರ್ತದಲ್ಲ, ಎಂತಾದರೂ ಒಂದು ಮಾಡಿ ಕೊಡಿ ಮಾರಾಯ್ತಿ” ಎಂದರು. ಹೊಗಳಿದರೆ ಒಣಗಿದ ಹೊಂಗೆಮರವೂ ಹೂ ಬಿಡುತ್ತದೆ, ನಾನಂತೂ ಮನುಷ್ಯಳು.

ನಾನು ಮಾಡಿದ್ದನ್ನು ಸರಳವಾಗಿ ಹೇಳುತ್ತೇನೆ, ಹೆದರಬೇಡಿ. ಅಂತರ್ಜಾಲದಲ್ಲಿ ಸಾಮಾನ್ಯವಾಗಿ ನಡೆಯುವುದು ಸರ್ಕಾರಿ ಕಚೇರಿಯ ಕಿಟಕಿಯ ವ್ಯವಹಾರ: ನೀವು ಹೋಗಿ ಕೇಳಬೇಕು, ಒಳಗಿನವರು ಉತ್ತರ ಕೊಟ್ಟು ಕಿಟಕಿ ಮುಚ್ಚುತ್ತಾರೆ, ಮತ್ತೆ ಬೇಕಾದರೆ ಮತ್ತೆ ಹೋಗಬೇಕು. ವೆಬ್‌ಸಾಕೆಟ್ ಎಂಬ ಇನ್ನೊಂದು ಉಪಾಯದಲ್ಲಿ ಕಿಟಕಿ ತೆರೆದೇ ಇರುತ್ತದೆ. ನೀವು ಕೇಳದಿದ್ದರೂ ಒಳಗಿನವರು ಬೇಕೆಂದಾಗ ಮಾತಾಡಬಹುದು. ಸರ್ವರ್ ಎಂಬ ದೂರದ ಕಂಪ್ಯೂಟರು ಯಾರ ಯಾರ ಕಿಟಕಿ ತೆರೆದಿದೆ ಎಂದು ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಮೊಬೈಲು ಜೋಡಣೆಯಾದಾಗ ಹೆಸರು ಸೇರಿಸು, ಬಿಟ್ಟುಹೋಗುವಾಗ ಹೆಸರು ಅಳಿಸು, ಸುದ್ದಿ ಬಂದಾಗ ಪಟ್ಟಿಯಲ್ಲಿರುವ ಎಲ್ಲರಿಗೂ ಹೇಳು. ಐತಪ್ಪಣ್ಣ ಕಟ್ಟದ ಮೇಲೆ ನಿಂತು ಒಂದು ಕೆಂಪು ಗುಂಡಿ ಒತ್ತಿದರೆ ಇಪ್ಪತ್ತಮೂರು ಮನೆಗಳ ಮೊಬೈಲುಗಳು ಒಂದೇ ಕ್ಷಣದಲ್ಲಿ ಬೊಬ್ಬೆ ಹಾಕುತ್ತಿದ್ದವು. ಮೊದಲ ದಿನ ಅದನ್ನು ನೋಡಿ ನನಗೇ ಮೈ ಜುಮ್ಮೆಂದಿತ್ತು.

ಮೊದಮೊದಲು ಉತ್ತರವೂ ಇತ್ತು. ಸುದ್ದಿ ಕೇಳಿದವರು ‘ಕೇಳಿತು’ ಎಂಬ ಗುಂಡಿ ಒತ್ತಬೇಕು, ಇಪ್ಪತ್ತಮೂರೂ ಬಂದ ಮೇಲೆಯೇ ಐತಪ್ಪಣ್ಣನ ಪರದೆಯಲ್ಲಿ ‘ಹಲಗೆ ಎತ್ತಬಹುದು’ ಎಂದು ಬರುತ್ತಿತ್ತು. ಒಂದು ದಿನ ಇಪ್ಪತ್ತೆರಡು ಬಂತು, ಇನ್ನೊಂದು ಬರಲೇ ಇಲ್ಲ. ಆ ಮನೆಯಾಕೆ ಮದುವೆಯ ಊಟಕ್ಕೆ ಕೂತಿದ್ದಳು, ಮೊಬೈಲು ಚೀಲದೊಳಗೆ ಅರಚಿಕೊಂಡು ಸುಸ್ತಾಗಿತ್ತು. ಅಷ್ಟರಲ್ಲಿ ಮೇಲ್ಬದಿಯ ನಾಲ್ಕು ಮನೆಯವರ ತರಕಾರಿ ಗದ್ದೆಯಲ್ಲಿ ಮೊಣಕಾಲುದ್ದ ನೀರು. ಆ ನಾಲ್ಕರಲ್ಲಿ ಒಂದು ನಮ್ಮದು. ನನ್ನ ಸೌತೆಬಳ್ಳಿಗಳು, ಆಗಷ್ಟೇ ಮಿಡಿ ಹಿಡಿದವು, ಕೊಳೆತು ಹೋದವು. ಸಂಜೆ ದೊಡ್ಡ ಜಗಳವಾಯಿತು. ಒಬ್ಬಳು ಪಾಯಸ ಉಣ್ಣುವುದಕ್ಕೆ ಊರೇ ಮುಳುಗಬೇಕೋ ಎಂದು ಕೇಳಿದವರ ಗುಂಪಿನಲ್ಲಿ ನಾನೂ ಇದ್ದೆ. ಆ ವಾರವೇ ಗುಂಡಿಯನ್ನು ತೆಗೆದುಹಾಕಿ ಅದರ ಜಾಗದಲ್ಲಿ ಹಸುರು ಚುಕ್ಕಿ ಇಟ್ಟೆ. ಪಟ್ಟಿಯಲ್ಲಿ ಹೆಸರಿದ್ದರೆ ಸಾಕಲ್ಲ, ಹೇಳಿದ್ದು ಮುಟ್ಟಿತೆಂದೇ ಲೆಕ್ಕ, ಉತ್ತರ ಯಾಕೆ ಬೇಕು ಎಂದು ವಾದಿಸಿದವಳೂ ನಾನೇ.

ಐತಪ್ಪಣ್ಣ ಒಬ್ಬನೇ ತಲೆಯಾಡಿಸಿದ. “ಕೇಳಿತು ಅಂತ ಹೇಳುವುದು ಬೇರೆ ಟೀಚರೇ, ನಮ್ಮವರು ನೀರಿನಿಂದ ಮೇಲೆ ಬಂದ್ರು ಅಂತ ಹೇಳುವುದು ಬೇರೆ. ಕೂ ಅಂದ್ರೆ ಎರಡನೇದ್ದು” ಎಂದ. ಹಳಬರ ಮಾತೆಂದು ನಾನು ನಕ್ಕೆ. ಎರಡು ಸಲ ಚುಕ್ಕಿ ನೋಡಿ ಹಲಗೆ ಎತ್ತಿದ ಮೇಲೆ ಅವನಿಗೂ ಅದು ಅಭ್ಯಾಸವಾಯಿತು; ಕೆಮ್ಮುವ ಕಷ್ಟವಿಲ್ಲದ ಕೆಲಸ ಯಾರಿಗೆ ಬೇಡ?

ಈಗ ಸುಮತಿಯ ಬಗ್ಗೆ ಹೇಳಬೇಕು, ಇಷ್ಟು ಹೊತ್ತು ಅದನ್ನು ತಪ್ಪಿಸಿಕೊಂಡೇ ಬರೆಯುತ್ತಿದ್ದೇನೆ. ಸುಮತಿಯೂ ನಾನೂ ಹತ್ತನೇ ತರಗತಿಯವರೆಗೆ ಒಂದೇ ಬೆಂಚಿನವರು. ಅವಳ ಮನೆ ಕಟ್ಟದಿಂದ ಕೆಳಗೆ ಒಂಬತ್ತನೆಯದು. ಗಂಡ ಸದಾಶಿವ ಬೋವಿಕಾನದಲ್ಲಿ ರಿಕ್ಷಾ ಓಡಿಸುವವನು, ಮಗಳು ಶ್ರಾವ್ಯ ಒಂಬತ್ತನೇ ತರಗತಿ. ಗದ್ದೆ, ಪಂಪು, ಹಟ್ಟಿ ಎಲ್ಲ ಸುಮತಿಯದೇ ಕಾರುಬಾರು. ನನ್ನ ಪ್ರೋಗ್ರಾಮನ್ನು ಗೇಲಿ ಮಾಡುವುದೆಂದರೆ ಅವಳಿಗೆ ಹಬ್ಬ. ಮಧ್ಯಾಹ್ನ ಸುಮ್ಮನೆ ಕರೆ ಮಾಡಿ, “ನೋಡು ಮಾರಾಯ್ತಿ, ನಾನು ಹಸುರಾಗಿ ಉಂಟಾ? ಹಣ್ಣಾಗಿದ್ದರೆ ಹೇಳು, ಉದುರಿ ಬೀಳುವ ಮೊದಲು ಊಟ ಮಾಡ್ತೇನೆ” ಎನ್ನುತ್ತಿದ್ದಳು. ನಾನು ಗೂಡಿನ ಕಡೆ ನೋಡಿ “ಉಂಟು” ಎನ್ನುತ್ತಿದ್ದೆ. ಇಂಥ ಮಾತು ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿರುತ್ತದೆಂದು ಆಡಿದವರು ಹೋದ ಮೇಲೆಯೇ ತಿಳಿಯುವುದು.

ನಮ್ಮ ಅಜ್ಜಿ ತೀರಿಹೋಗಿ ಎಷ್ಟೋ ಕಾಲದವರೆಗೆ ರೇಷನ್ ಕಾರ್ಡಿನಲ್ಲಿ ಬದುಕಿದ್ದರು. ನಾವು ಹೋಗಿ ಅರ್ಜಿ ಕೊಡಲಿಲ್ಲ, ಕಚೇರಿಯವರು ಬಂದು ಕೇಳಲಿಲ್ಲ. ಪಟ್ಟಿಗಳ ಸ್ವಭಾವವೇ ಹಾಗೆ: ಬಂದವರು ಹೆಸರು ಬರೆಸಿಕೊಳ್ಳುತ್ತಾರೆ, ಹೋಗುವವರು ಹೋಗುತ್ತೇನೆಂದು ಹೇಳಿ ಹೋಗಬೇಕು. ಹೇಳಲು ಪುರಸೊತ್ತಿಲ್ಲದೆ ಹೋದವರು ಪಟ್ಟಿಯಲ್ಲೇ ಉಳಿಯುತ್ತಾರೆ. ರೇಂಜ್ ಇಲ್ಲದ ಕಡೆಗೆ ಇಳಿದುಬಿಟ್ಟ ಮೊಬೈಲು ಕೂಡ ಹಾಗೆಯೇ, ಅದು ಸರ್ವರಿಗೆ ಹೋಗಿಬರುತ್ತೇನೆಂದು ಹೇಳುವುದಿಲ್ಲ. ಮಾತಿನ ನಡುವೆ ಸುಮ್ಮನಾಗುತ್ತದೆ. ಸುಮ್ಮನಿರುವವರು ಕೇಳುತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ಆಗಾಗ ಒಂದು ಮಾತು ಕೇಳಿ ನೋಡಬೇಕು, ‘ಇದ್ದೀಯಾ?’ ಎಂದು, ‘ಇದ್ದೇನೆ’ ಎಂಬ ಉತ್ತರ ಬಾರದಿದ್ದರೆ ಹೆಸರು ಅಳಿಸಬೇಕು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಮಕ್ಕಳಿಗೆ ನಾನೇ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದೇನೆ. ನಮ್ಮ ಊರಿನ ಕೆಲಸಕ್ಕೆ ಮಾತ್ರ, ಬೇಸಗೆ ರಜೆಯಲ್ಲಿ ಮಾಡೋಣವೆಂದು ಮುಂದೆ ಹಾಕಿದ್ದೆ. ಅಷ್ಟೇ ಆಗಿದ್ದರೆ ಒಂದು ಮಾತು. ಯಾರಿಗಾದರೂ ಸುದ್ದಿ ಕಳುಹಿಸುವಾಗ ತೊಂದರೆ ಬಂದರೆ ಏನು ಮಾಡಬೇಕೆಂದು ಬರೆಯಬೇಕಾದ ಜಾಗದಲ್ಲಿ, ‘ಸುಮ್ಮನೆ ಮುಂದಿನ ಹೆಸರಿಗೆ ಹೋಗು’ ಎಂದು ಒಂದು ಸಾಲು ಬರೆದು ಮುಗಿಸಿದ್ದೆ.

ಅದು ಒಂದು ಶನಿವಾರ, ಬೆಳಗ್ಗಿನ ಹತ್ತೂವರೆ. ನಮ್ಮಲ್ಲಿ ಸುಡುವ ಬಿಸಿಲು, ಮೂಡಣ ಗುಡ್ಡಗಳ ತಲೆಯ ಮೇಲೆ ಮಾತ್ರ ಮಸಿ ಚೆಲ್ಲಿದಂಥ ಮೋಡ. ತೋಡಿನ ನೀರು ಕೆಂಪಾಗಿ ಏರತೊಡಗಿತು. ಐತಪ್ಪಣ್ಣ ಗುಂಡಿ ಒತ್ತಿದ. ನನ್ನ ಗೂಡಿನ ಮೊಬೈಲು ಗೊರಗುಟ್ಟಿತು. ನಾನು ಸೌಟು ಹಿಡಿದುಕೊಂಡೇ ನೋಡಿದೆ, ಇಪ್ಪತ್ತಮೂರೂ ಹಸುರು. ಅವನೂ ನೋಡಿದ, ಹಲಗೆ ಎತ್ತಿದ. ಸುಮತಿ ಆಗ ಪಂಪಿನ ಕೊಳವೆಯ ಬುಡಕ್ಕೆ ಸಿಕ್ಕಿಕೊಂಡ ಎಲೆ ಕಸ ತೆಗೆಯಲು ತೋಡಿನ ಗುಂಡಿಗೆ ಇಳಿದಿದ್ದಳು. ಎರಡೂ ಕಡೆ ಆಳೆತ್ತರದ ದಂಡೆ, ಅಲ್ಲಿ ಯಾವ ಕಂಪನಿಯ ರೇಂಜೂ ಇಲ್ಲ. ಮೊಬೈಲನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಳಿದಿದ್ದಳಂತೆ, ಸುದ್ದಿ ಬಂದರೆ ಗೊತ್ತಾಗಲಿ ಎಂದು. ಮಧ್ಯಾಹ್ನ ಸಂಕದ ಕೆಳಗೆ, ಮುಂಡುಗದ ಪೊದೆಯ ಬೇರುಗಳ ನಡುವೆ ಅವಳು ಸಿಕ್ಕಿದಳು. ಮೊಬೈಲು ಸಿಗಲಿಲ್ಲ.

ಮರುದಿನ ಬೆಳಗ್ಗೆ ಚಹಾಕ್ಕೆ ನೀರಿಟ್ಟು ಅಭ್ಯಾಸಬಲದಿಂದ ಗೂಡಿನ ಕಡೆ ನೋಡಿದರೆ ಒಂಬತ್ತನೆಯ ಹೆಸರಿನ ಎದುರು ಚುಕ್ಕಿ ಹಸುರಾಗಿಯೇ ಇತ್ತು. ಸುಮತಿಯನ್ನು ಸುಟ್ಟು ಆಗಿತ್ತು. ನನ್ನ ಪಟ್ಟಿಯಲ್ಲಿ ಅವಳು ಮಾತು ಕೇಳುತ್ತಿದ್ದಳು. ಒಲೆ ಆರಿಸಿ ಲ್ಯಾಪ್‌ಟಾಪು ತೆಗೆದೆ. ಸರ್ವರಿನ ದಾಖಲೆಯಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು: ಸುಮತಿಯ ಮೊಬೈಲಿನ ಕೊನೆಯ ಸದ್ದು ಐತಪ್ಪಣ್ಣ ಗುಂಡಿ ಒತ್ತುವುದಕ್ಕೆ ಇಪ್ಪತ್ತು ನಿಮಿಷ ಮೊದಲಿನದು. ಎಚ್ಚರಿಕೆ ಅವಳ ಕಡೆಗೆ ಹೊರಟಿತು, ಮುಟ್ಟಲಿಲ್ಲ, ತೊಂದರೆ ಎಂದು ವಾಪಸು ಬಂತು. ಪ್ರೋಗ್ರಾಂ ನಾನು ಕಲಿಸಿದ ಹಾಗೆ ಸುಮ್ಮನೆ ಮುಂದಿನ ಹೆಸರಿಗೆ ಹೋಗಿತ್ತು.

ಮೂರನೆಯ ದಿನ ವಾರ್ಡಿನ ಮೆಂಬರ್ ಬಂದರು. ವಿದ್ಯಾನಗರದ ಜಿಲ್ಲಾ ಕಚೇರಿಗೆ ವರದಿ ಕೊಡಬೇಕಿತ್ತು. “ಮೆಸೇಜು ಎಲ್ಲರಿಗೂ ಹೋಗಿದೆ ಅಂತ ಒಂದು ಕಾಗದ ಬೇಕು ಟೀಚರ್. ಇಲ್ಲದಿದ್ರೆ ಆ ಮುದುಕನನ್ನು ಸುಮ್ಮನೆ ಎಳೆದಾಡ್ತಾರೆ” ಎಂದರು. ಪ್ರೋಗ್ರಾಮಿನಲ್ಲಿ ಆ ಪಟ್ಟಿ ಸಿದ್ಧವಾಗಿಯೇ ಇತ್ತು: ಇಪ್ಪತ್ತಮೂರು ಹೆಸರು, ಎಲ್ಲದರ ಎದುರಿಗೂ ಸಂದೇಶ ಹೋದ ಗಂಟೆ ನಿಮಿಷ. ಮುದ್ರಿಸಿದೆ. ಕೆಳಗೆ ಸಹಿ ಹಾಕಿದೆ. ಐತಪ್ಪಣ್ಣನನ್ನು ಉಳಿಸಲು ಹಾಕಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು ಪೂರ್ತಿ ಸುಳ್ಳಲ್ಲ, ಆದರೆ ಉಳಿಸಿಕೊಂಡದ್ದು ನನ್ನನ್ನು.

ಆ ಕಾಗದ ನನಗಿಂತ ಬೇಗ ಊರು ಸುತ್ತಿತು. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕೇಳುತ್ತಿತ್ತು: “ಇಪ್ಪತ್ತೆರಡು ಜನಕ್ಕೆ ಕೇಳಿದ್ದು ಇವಳಿಗೆ ಯಾಕೆ ಕೇಳಲಿಲ್ಲ? ಜಾಗ್ರತೆ ಬೇಕು.” “ಮೊಬೈಲು ಸೊಂಟದಲ್ಲೇ ಇತ್ತಂತೆ. ತೆಗೆದು ನೋಡ್ಲಿಕ್ಕೆ ಉದಾಸೀನ.” ಸತ್ತವರ ಮೇಲೆ ಹೊರೆ ಹಾಕುವುದು ಸುಲಭ, ಅವರು ಇಳಿಸಿ ಎನ್ನುವುದಿಲ್ಲ. ಸುಮತಿಯಷ್ಟು ಜಾಗ್ರತೆಯವಳು ಆ ತೋಡಿನ ಉದ್ದಕ್ಕೂ ಇರಲಿಲ್ಲ. ಊರಿಡೀ ಅವಳನ್ನು ಉಡಾಫೆಯವಳೆಂದಿತು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ.

‘ಎಲ್ಲರಿಗೂ’ ಎಂಬ ಪದದ ಬಗ್ಗೆ ಆ ದಿನಗಳಲ್ಲಿ ಬಹಳ ಯೋಚಿಸಿದೆ. ಎಲ್ಲರಿಗೂ ಹೇಳಿದ್ದೇವೆ, ಎಲ್ಲರೂ ಒಪ್ಪಿದ್ದಾರೆ, ಎಲ್ಲರಿಗೂ ಗೊತ್ತಿದೆ ಎಂದು ನಾವು ದಿನಕ್ಕೆ ಎಷ್ಟು ಸಲ ಅನ್ನುತ್ತೇವೆ; ಯಾರಿಗೆ ಮುಟ್ಟಲಿಲ್ಲವೋ ಅವರು ಬಂದು ನಮ್ಮ ಮಾತನ್ನು ತಿದ್ದುವ ಸ್ಥಿತಿಯಲ್ಲಿ ಇರುವುದೇ ಇಲ್ಲ. ಕೂ ಹಾಕುತ್ತಿದ್ದ ಕಾಲದಲ್ಲಿ ಎಲ್ಲರೂ ಎಂದರೆ ಉತ್ತರ ಕೊಟ್ಟವರು ಎಂದರ್ಥ. ನಾನು ಅದನ್ನು ಪಟ್ಟಿಯಲ್ಲಿರುವವರು ಎಂದು ಬದಲಾಯಿಸಿದ್ದೆ, ಸೌತೆಬಳ್ಳಿಯ ಸಿಟ್ಟಿಗೆ. ಹಳೆಯ ಕ್ರಮಗಳೆಲ್ಲ ಒಳ್ಳೆಯವೆಂದು ಸಾರುವ ಜಾತಿಯವಳಲ್ಲ ನಾನು. ಆ ಕೂಗಿಗೂ ಕಿವಿ ಮಂದವಾದವರು ತಪ್ಪಿಹೋಗುತ್ತಿದ್ದರು, ಗಾಳಿ ತಿರುಗಿದರೆ ಅದೂ ದಾರಿ ತಪ್ಪುತ್ತಿತ್ತು. ಆದರೆ ತಪ್ಪಿದಾಗ ಅದು ಹಲಗೆಯನ್ನು ಹಿಡಿದು ನಿಲ್ಲಿಸುತ್ತಿತ್ತು. ನನ್ನದು ತಪ್ಪಿದಾಗ ಹಸುರು ತೋರಿಸಿತು.

ಐತಪ್ಪಣ್ಣ ಮನೆಯಿಂದ ಹೊರಗೆ ಬರುವುದನ್ನು ಬಿಟ್ಟಿದ್ದ. ತಿಂಗಳು ಕಳೆದ ಮೇಲೆ ಒಂದು ದಿನ ನೋಡಲು ಹೋದೆ. ಚಾವಡಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದವನು ತಿರುಗದೆಯೇ, “ಕಾಗದದಲ್ಲಿ ಸರಿ ಉಂಟಲ್ಲ ಟೀಚರೇ? ಅವಳಿಗೆ ಹೋಗಿದೆ ಅಲ್ವಾ?” ಎಂದು ಕೇಳಿದ. ಮತ್ತೆ ಸ್ವಲ್ಪ ಹೊತ್ತಿಗೆ ಅದನ್ನೇ ಇನ್ನೊಮ್ಮೆ ಕೇಳಿದ. ಅಲ್ಲಿ ನನಗೆ ಧೈರ್ಯ ಬರಲಿಲ್ಲ. ಆದರೆ ಅವನ ಮೆಟ್ಟಿಲು ಇಳಿದವಳ ಕಾಲು ಮನೆಯ ಕಡೆ ಹೋಗದೆ ಸುಮತಿಯ ಮನೆಯ ಕಡೆ ಹೋಯಿತು.

ಸದಾಶಿವ ಅಂಗಳದಲ್ಲಿ ರಿಕ್ಷಾ ತೊಳೆಯುತ್ತಿದ್ದ. ಕುಳಿತುಕೊಳ್ಳಿ ಎಂದ. ನಾನು ಕುಳಿತುಕೊಳ್ಳಲಿಲ್ಲ, ಕುಳಿತರೆ ಹವೆಯ ಮಾತು, ಶಾಲೆಯ ಮಾತು ಆಡಿ ಎದ್ದುಬಿಡುತ್ತೇನೆಂದು ಗೊತ್ತಿತ್ತು. ಇಪ್ಪತ್ತು ನಿಮಿಷ ಮೊದಲೇ ಸುಮತಿಯ ಮೊಬೈಲು ಸುಮ್ಮನಾದದ್ದು, ಪಟ್ಟಿ ಅದನ್ನು ತಿಳಿಯದೆ ಹಸುರು ತೋರಿಸಿದ್ದು, ತಿಳಿಯುವ ಹಾಗೆ ನಾನು ಬರೆಯದೇ ಇದ್ದದ್ದು, ಎಲ್ಲ ಗೊತ್ತಿದ್ದೂ ಸಹಿ ಹಾಕಿದ್ದು, ಒಂದೇ ಉಸಿರಿಗೆ ಹೇಳಿದೆ. ಅವನ ಕೈಯ ಪೈಪಿನಿಂದ ನೀರು ಹರಿಯುತ್ತಲೇ ಇತ್ತು.

“ಅಂದ್ರೆ ಅವಳಿಗೆ ಮೆಸೇಜು ಬರ್ಲೇ ಇಲ್ವಾ?”

“ಬರ್ಲಿಲ್ಲ.”

ಅವನು ರಿಕ್ಷಾದ ಮೆಟ್ಟಿಲ ಮೇಲೆ ಕುಸಿದು ಕೂತ. “ನಾನು ದಿನಾ ಅವಳಿಗೆ ಬೈತಾ ಇದ್ದೆ ಟೀಚರ್. ಫೋಟೋದ ಎದುರು ನಿಂತು. ಒಮ್ಮೆ ಮೊಬೈಲು ನೋಡ್ಲಿಕ್ಕೆ ನಿಂಗೆ ಎಂತ ಕಷ್ಟ ಇತ್ತು ಅಂತ.” ಮುಖ ಮುಚ್ಚಿಕೊಂಡ. ನನಗೆ ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ಒಳಗಡೆ ತಿರುಗಿ ಮಗಳನ್ನು ಕರೆದ. “ಇವಳಿಗೂ ಹೇಳಿ. ಎಲ್ರೂ ಇವಳಿಗೆ, ನಿನ್ನ ಅಮ್ಮನ ಹಾಗೆ ಮಾಡ್ಬೇಡ, ಜಾಗ್ರತೆ ಕಲಿ ಅಂತ ಬುದ್ಧಿ ಹೇಳ್ತಾರೆ.”

ಶ್ರಾವ್ಯ ಕೈ ಒರೆಸಿಕೊಂಡು ಬಂದು ಕಂಬಕ್ಕೆ ಒರಗಿ ನಿಂತಳು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಅವಳು ಅಳಲಿಲ್ಲ. ತಾಯಿಯ ಹಾಗೆಯೇ ಹುಬ್ಬು ಗಂಟಿಕ್ಕಿಕೊಂಡು ಪೂರ್ತಿ ಕೇಳಿ, “ಮತ್ತೆ ಆ ಕಾಗದದಲ್ಲಿ ಯಾರ ಸಹಿ ಉಂಟು?” ಎಂದಳು.

“ನನ್ನದು.”

ಒಳಗೆ ಹೋಗಿ ನೋಟ್ ಪುಸ್ತಕ, ಪೆನ್ನು ತಂದು ನನ್ನ ಮುಂದೆ ಜಗಲಿಯ ಮೇಲಿಟ್ಟಳು. “ಬೇರೆ ಬರೆದು ಕೊಡಿ. ಅಪ್ಪ ವಿದ್ಯಾನಗರಕ್ಕೆ ತಗೊಂಡು ಹೋಗ್ತಾರೆ.”

ನೆಲದ ಮೇಲೆ ಕುಳಿತು ಬರೆದೆ. ಮೊದಲು ಕೊಟ್ಟ ಕಾಗದ ತಪ್ಪು. ಇಪ್ಪತ್ತಮೂರರಲ್ಲಿ ಒಂದು ಮನೆಗೆ ಎಚ್ಚರಿಕೆ ಮುಟ್ಟಿರಲಿಲ್ಲ. ಅದಕ್ಕೆ ಕಾರಣ ನಾನು ಬರೆದ ಪ್ರೋಗ್ರಾಂ. ಸಹಿ ಹಾಕಲು ಹೊರಟಾಗ ಶ್ರಾವ್ಯ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ಓದಿದಳು. ಆಮೇಲೆ ನಡುವಿನ ಸಾಲಿನ ಮೇಲೆ ಬೆರಳಿಟ್ಟು ಹಿಂದೆ ಕೊಟ್ಟಳು.

“ಒಂದು ಮನೆಗೆ ಅಂತ ಬೇಡ ಟೀಚರ್. ಅಮ್ಮನ ಹೆಸರು ಬರೀರಿ.”

ಬರೆದೆ.